ತಾಲೀಮಿಗೆ ಹಾಸಿದ ಫರಸಿ

ಭೀಮಶಾ ಮಣ್ಣಿಗೆ ಮಜ್ಜಿಗೆ ಕುಡಿಸುತ್ತಿದ್ದ. ಚಿತ್ತಾಪುರದ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ, ಕುಸ್ತಿ ಕಲಿಯಲು ಬಂದವರಿಂದ ತುಳಿಸಿ ಬೆಣ್ಣೆಯಂತೆ ಮಾಡುತ್ತಿದ್ದ. "ಮುತ್ಯಾನ ಕಾಲದ ಮಣ್ಣಿದು. ಇದರಾಗ ಬಿದ್ದಾವಗ ಪೆಟ್ಟು ಹತ್ತಂಗಿಲ್ಲ" ಎನ್ನುತ್ತಿದ್ದ.

ನಾನು ಅವನ ಓರಗೆಯವನು. ನಿಜಾಮನ ಕಾಲದಲ್ಲಿ ಹೈಸ್ಕೂಲು ಮುಗಿಸಿ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ; ಊರವರ ಬಾಯಲ್ಲಿ ಮುನಷಿ. ಕೋಟು ಹಾಕಿಕೊಂಡು ನಾನು ಬಜಾರಿಗೆ ಹೋದರೂ, ಜನ ಎದ್ದು ನಿಲ್ಲುತ್ತಿದ್ದುದು ಹಿಂದೆ ಮಾಸಿದ ದೋತರದಲ್ಲಿ ಬರುತ್ತಿದ್ದ ಅವನಿಗೆ. "ಬರ್ರಿ ವಸ್ತಾದರ, ಕುಂದ್ರಿ, ಚಹಾ ಕುಡೀರಿ." ನನ್ನ ಸ್ವಂತ ತಮ್ಮನೂ ಹಬ್ಬದ ದಿನ ಮೊದಲು ಅವನ ಕಾಲು ಮುಟ್ಟಿ, ಆಮೇಲೆ ನನ್ನ ಬಳಿ ಬರುತ್ತಿದ್ದ. ನಾನು ಅರ್ಧ ರೊಟ್ಟಿ ತಿಂದು ಎದ್ದುಬಿಡುತ್ತಿದ್ದೆ.

ಜಿಲ್ಲೆಯ ದೊಡ್ಡ ಸಾಹೇಬರು ಬರುವರೆಂದು ಊರಿಗೊಂದು ಆಟದ ಮೈದಾನ ಕಟ್ಟಲು ಸರಕಾರದ ಹಣ ಮಂಜೂರಾಯಿತು. ನೋಡುವವರಿಗೆ ಶಹಾಬಾದ ಕಲ್ಲಿನ ಮೆಟ್ಟಿಲುಸಾಲು. ಎಲ್ಲಿ ಕಟ್ಟೋಣವೆಂದು ತಹಸೀಲ್ದಾರರು ಕೇಳಿದರು. ಸ್ಟೇಷನ್ನಿನ ದಾರಿಯಲ್ಲಿ ಬಯಲು ಖಾಲಿ ಬಿದ್ದಿತ್ತು. ನಾನು ತಾಲೀಮಿನ ಜಾಗ ತೋರಿಸಿದೆ.

ತಾಲೀಮಿನ ಜಾಗ ಬಿಟ್ಟುಕೊಡಲು ತಕರಾರಿಲ್ಲವೆಂದು ಭೀಮಶಾನ ಹೆಬ್ಬೆಟ್ಟು ಬೇಕಿತ್ತು. ಕಾಗದ ಉರ್ದುವಿನಲ್ಲಿತ್ತು, ಅವನಿಗೆ ಓದು ಬಾರದು. ಮಂದಿಯ ಮುಂದೆ ನಾನೇ ಓದಿ ಹೇಳಿದೆ: "ತಾಲೀಮು ಹಂಗೇ ಇರ್ತದ. ಸುತ್ತಲೂ ಮೆಟ್ಟಲಾ ಕಟ್ತಾರ, ಅಷ್ಟ."

ಅವನು ಕಾಗದ ನೋಡದೆ ನನ್ನ ಮುಖ ನೋಡಿದ. "ಕುಂದ್ರಾವ್ರಿಗೆ ಅಷ್ಟು ಕಲ್ಲು ಯಾಕೋ ಮುನಷಿ? ಆಡಾವ್ರಿಗೆ ಮಣ್ಣು ಇದ್ರ ಸಾಕಲ್ಲ" ಎಂದು ನಕ್ಕು, ಹೆಬ್ಬೆಟ್ಟು ಒತ್ತಿದ.

ಆ ಮಣ್ಣನ್ನು ಅಗೆದು ಬುನಾದಿಗೆ ತುಂಬಿದರು. ಸಾಹೇಬರ ಬೂಟಿಗೆ ಧೂಳು ಹತ್ತಬಾರದೆಂದು ನಡುವಿನ ಅಂಗಳಕ್ಕೂ ಫರಸಿ ಕಲ್ಲು ಹಾಸಿದರು. ಸಾಹೇಬರು ಒಮ್ಮೆ ಬಂದು ಹಾರ ಹಾಕಿಸಿಕೊಂಡು ಹೋದರು. ಕಲ್ಲಿನ ಮೇಲೆ ಯಾರು ಕುಸ್ತಿ ಹಿಡಿದಾರು? ಮೆಟ್ಟಿಲುಗಳ ಮೇಲೆ ಮೆಣಸಿನಕಾಯಿ ಒಣಗಿದವು, ಆಡುಗಳು ಮಲಗಿದವು. ಇಂದಿಗೂ ಅಷ್ಟೇ.

ಭೀಮಶಾ ಊರು ಬಿಟ್ಟು ಮಗಳ ಮನೆಗೆ, ತೆಂಗಳಿಗೆ, ಹೊರಟ ದಿನ ಬಂಡಿಯ ಹತ್ತಿರ ಹೋದೆ. ಮಡಿಲಲ್ಲಿ ಕೆಂಪು ಮಣ್ಣಿನ ಗಂಟು ಇಟ್ಟುಕೊಂಡು ಕುಳಿತಿದ್ದ.

"ನಾ ಸುಳ್ಳು ಓದೀನಿ ಅಂತ ನಿನಗ ಗೊತ್ತಿತ್ತೇನು?"

"ಓದಾವಾಗ ನಿನ್ನ ಕಣ್ಣು ಕಾಗದದ ಮ್ಯಾಗ ಇರಲಿಲ್ಲಲ್ಲೋ. ನಾಳಿ ನೀನೇ ಬಂದು ತಿದ್ತಿ ಅನ್ಕೊಂಡೆ."

"ಅವತ್ತೇ ಯಾಕ ಅನ್ನಲಿಲ್ಲ?"

"ಅಷ್ಟು ಮಂದ್ಯಾಗ ನಿನ್ನ ಕೆಡವಲೇನು? ನಿನ್ನ ಕೆಳಗ ಮಣ್ಣಿರಲಿಲ್ಲ ಮುನಷಿ. ಪೆಟ್ಟು ಭಾಳ ಹತ್ತತಿತ್ತು."

ಬಂಡಿ ಹೊರಟಿತು. ತಪ್ಪಾಯಿತೆಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಅವನು ತೆಂಗಳಿಯಲ್ಲೇ ತೀರಿಕೊಂಡ. ಇನ್ನು ಅದನ್ನು ಯಾರಿಗೆ ಹೇಳಲಿ? ಇಷ್ಟು ಬರೆದವನು ಇದನ್ನೂ ಮುಚ್ಚಿಡುವುದಿಲ್ಲ: ಅಂದು ಬಂಡಿಯ ಧೂಳಿನಲ್ಲಿ ನಿಂತಾಗಲೂ, ಅಂಥ ಮಾತು ಅವನಿಗೇ ಹೊಳೆಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.