ಮೂರು ದಿನದ ವಿದ್ಯೆ

ಇವತ್ತು ಬೆಳಿಗ್ಗೆ ಮಗಳು ಗೌರಿ ಹೊಸ್ತಿಲ ಬಳಿ ಕುಳಿತು ಉಗುರಿನ ಬಣ್ಣ ತೆಗೆಯುತ್ತಿದ್ದಳು. ಸಣ್ಣ ಬಾಟಲಿ, ಹೆಬ್ಬೆರಳಿಗಿಂತ ತುಸು ದೊಡ್ಡದು. ಅದರಿಂದ ಹತ್ತಿಯ ಮೇಲೆ ಒಂದೆರಡು ಹನಿ ಹಾಕಿಕೊಂಡಳೋ ಇಲ್ಲವೋ, ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಮೊದಲು ಗ್ಯಾಸ್ ಬಂದ್ ಮಾಡಿದೆ. ಆಮೇಲೆ ದೇವರ ಮುಂದಿನ ದೀಪ ಶಾಂತ ಮಾಡಿದೆ. ಆಮೇಲೆ ಓಡಿ ಹೋಗಿ ಅವಳ ಕೈಯಿಂದ ಬಾಟಲಿ ಕಸಿದು, ಅಂಗಳ ದಾಟಿಸಿ ಕಾಂಪೌಂಡಿನ ಮೂಲೆಯಲ್ಲಿಟ್ಟು ಬಂದೆ. ಮೊಣಕೈವರೆಗೆ ಹಿಟ್ಟು. ಗೌರಿ ಅರ್ಧ ಕೆಂಪು, ಅರ್ಧ ಬೋಳು ಉಗುರುಗಳನ್ನು ಗಾಳಿಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಅವ್ವಾ, ಇದು ಟ್ಯಾಂಕರ್ ಅಲ್ಲ" ಅಂದಳು.

ನೀವೂ ನಗುವುದಾದರೆ ನಗಿ, ನನಗೇನೂ ಬೇಸರವಿಲ್ಲ. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತೇನೆ. ಕುಕ್ಕರಿನ ಸೀಟಿಯನ್ನು ಇವತ್ತಿಗೂ ಅಂಗಳದಲ್ಲಿ ನಿಂತು ಎಣಿಸುತ್ತೇನೆ. ಬಸವಕಲ್ಯಾಣದಲ್ಲಿ ನನ್ನ ತವರುಮನೆ ಇರುವುದು ಕೋಟೆಯ ಕಡೆಯ ಓಣಿಯಲ್ಲಿ. ಸಂಜೆಯಾದರೆ ಆ ಗೋಡೆಯ ನೆರಳು ನಮ್ಮ ಬಾಗಿಲಿಗೆ ಬರುತ್ತಿತ್ತು, ನಾನು ಒಳಗೆ ಹೋಗುತ್ತಿದ್ದೆ. "ತನ್ನ ನೆಳ್ಳಿಗಿ ತಾನೇ ಅಂಜೋಕಿ, ಇಕಿ ಸಂಸಾರ ಹ್ಯಾಂಗ ಮಾಡ್ತಾಳೋ" ಎಂದು ನಮ್ಮವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಇಂಥವಳನ್ನು ತಂದು ಲಾರಿ ಡ್ರೈವರನಿಗೆ ಗಂಟು ಹಾಕಿದರು.

ಗಂಡನ ಹೆಸರು ಹೇಳುವ ಧೈರ್ಯವೂ ನನಗೆ ಇನ್ನೂ ಬಂದಿಲ್ಲ. ನಮ್ಮ ಮನೆಯವರು ಅನ್ನುತ್ತೇನೆ. ಖಾಜಾಭಾಯಿ ಹೇಳುವಾಗ ನೀವೇ ಕೇಳಿಸಿಕೊಳ್ಳಿ. ಖಾಜಾಭಾಯಿ ನಮ್ಮ ಓಣಿಯವರು, ಲಾರಿಗಳಿಗೆ ಬಾಡಿ ಕಟ್ಟಿ ವೆಲ್ಡಿಂಗ್ ಮಾಡುವವರು. ಬಸವಕಲ್ಯಾಣದಲ್ಲಿ ಗಾಡಿಗೆ ಸಂಬಂಧ ಇಲ್ಲದ ಮನೆ ಹುಡುಕುವುದು ಕಷ್ಟ. ಒಬ್ಬ ಟೈರಿನವ, ಒಬ್ಬ ಪೇಂಟಿನವ, ಒಬ್ಬ ಸೀಟು ಹೊಲಿಯುವವ. ನಮ್ಮ ಮನೆಯವರು ತೊಗರಿಬೇಳೆಯ ಲೋಡು ಹಾಕಿಕೊಂಡು ಸೊಲ್ಲಾಪುರ, ಹೈದರಾಬಾದ್ ಎಂದು ಓಡಾಡುತ್ತಿದ್ದರು. ಬೇಳೆಯಿಂದ ಯಾರಿಗೆ ಏನು ಅಪಾಯ? ನಾನು ಅಷ್ಟರಮಟ್ಟಿಗೆ ನೆಮ್ಮದಿಯಾಗಿದ್ದೆ.

ಗೌರಿ ಶಾಲೆಗೆ ಹೋಗಲು ಶುರುಮಾಡಿದ ವರ್ಷ ಖಾಜಾಭಾಯಿ ಒಂದು ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕುಳಿತರು.

"ಶರಣಪ್ಪಾ, ಹುಮನಾಬಾದ್ ಕಡೆ ಫ್ಯಾಕ್ಟರಿಗೋಳಿಗಿ ಟ್ಯಾಂಕರ್ ಡ್ರೈವರ್ ಬೇಕಾಗ್ಯಾರ. ಕೆಮಿಕಲ್ ಗಾಡಿ. ಬರೇ ಮೂರು ದಿನದ ಟ್ರೇನಿಂಗ್ ಅದ ನೋಡು. ಕಾಗದ ಕೈಗಿ ಬಂತಂದ್ರ ಪಗಾರ ದುಪ್ಪಟ್ಟು."

ನಾನು ಒಳಗೆ ಚಹಾ ಸೋಸುತ್ತಿದ್ದೆ. ಮೂರು ದಿನ ಎಂಬ ಮಾತು ನನ್ನನ್ನು ಕುಟುಕಿತು. ನನ್ನ ಲೆಕ್ಕ ಹೇಳುತ್ತೇನೆ ಕೇಳಿ. ಜೋಳದ ರೊಟ್ಟಿ ಹರಿಯದಂತೆ ಬಡಿಯಲು ನನಗೆ ಎರಡು ವರ್ಷ ಬೇಕಾಯಿತು, ಯಾರೂ ಒಂದು ಪೈಸೆ ಕೊಡಲಿಲ್ಲ. ಜಂಪರ್ ಹೊಲಿಯುವುದನ್ನು ಆರು ತಿಂಗಳು ಕಲಿತೆ, ಅದು ಸೂಜಿದಾರದ ಖರ್ಚಿಗಾಯಿತು. ಮೂರು ದಿನ ಕಲಿಸಿ ದುಪ್ಪಟ್ಟು ಸಂಬಳ ಕೊಡುತ್ತಾರೆಂದರೆ ಅವರು ಕಲಿತದ್ದಕ್ಕೆ ಕೊಡುತ್ತಿಲ್ಲ, ಬೇರೆ ಯಾವುದಕ್ಕೋ ಕೊಡುತ್ತಿದ್ದಾರೆ. ಅದು ಯಾವುದು ಎಂದು ಯೋಚಿಸುವಷ್ಟರಲ್ಲಿ ಚಹಾ ನೆಲಕ್ಕೆ ಚೆಲ್ಲಿತ್ತು. ಈಗ ಗೌರಿ ಪಿಯುಸಿ ಮುಗಿಸಿ ಮೊಬೈಲಿನಲ್ಲಿ ಇಂಥವನ್ನೇ ನೋಡುತ್ತಿರುತ್ತಾಳೆ. ಕಡಿಮೆ ದಿನ, ಕೈತುಂಬ ಸಂಬಳ. ಎಕ್ಸ್‌ರೇ ತೆಗೆಯುವುದು, ಡ್ರೋನ್ ಹಾರಿಸುವುದು. ಅವಳು ಒಂದೊಂದನ್ನೂ ಓದಿ ಹೇಳುವಾಗ ನಾನು ಕೇಳುವುದು ಒಂದೇ, ಅದರಲ್ಲಿ ಬೆಂಕಿ ಇದೆಯೇ ಎಂದು.

ಇವರು ಮೂರು ದಿನ ಹೋಗಿ ಬಂದರು. ಪ್ಲಾಸ್ಟಿಕ್ ಹೊದಿಸಿದ ಸರ್ಟಿಫಿಕೇಟನ್ನು ಅತ್ತೆಯ ಪಾದದ ಬಳಿ ಇಟ್ಟು ನಮಸ್ಕಾರ ಮಾಡಿದರು. ಆಮೇಲೆ ಕಲಿತದ್ದನ್ನೆಲ್ಲ ನಮಗೆ ಕಲಿಸಲು ಕುಳಿತರು. ಲೋಡಾಗುವಾಗ ಕಿಡಿ ಹುಟ್ಟದಂತೆ ಟ್ಯಾಂಕರಿನಿಂದ ನೆಲಕ್ಕೆ ತಂತಿ ಕಟ್ಟಬೇಕು. ಹತ್ತಿರ ಮೊಬೈಲ್ ಹಿಡಿಯಬಾರದು. ಬೀಡಿ, ಕಡ್ಡಿಪೆಟ್ಟಿಗೆ ಕಿಸೆಯಲ್ಲೂ ಇರಬಾರದು. ಅತ್ತೆ ಆಗ ತಾನೇ ಲೋಬಾನ ಹಾಕಿದ್ದರು. ಇವರು ಹೊಗೆಯ ಕಡೆ ಕೈ ತೋರಿಸಿ ಹೇಳಿದರು:

"ಈ ಹೊಗಿ ಮ್ಯಾಲ ಹೋಗ್ತದ, ಕಣ್ಣಿಗಿ ಕಾಣ್ತದ. ಅದರ ಹಬಿ ಹಂಗಲ್ಲ. ಕಾಣಂಗಿಲ್ಲ. ನೆಲ ಹಿಡದು ಹರೀತದ. ಬೆಂಕಿ ಎಲ್ಲದ ಅಂತ ಹುಡುಕ್ಕೋತ ಹೋದಂಗ ಹೋಗ್ತದ."

"ಅದಕ್ಕೇನ್ ಕಾಲ್ ಅವಾ?" ಅಂದರು ಅತ್ತೆ.

ಅತ್ತೆ ಕೊಡಂಬಲದ ಹಳ್ಳಿಯವರು. ಹೊಲದಲ್ಲಿ ಹಾವನ್ನು ಕೋಲಿನಿಂದ ಎತ್ತಿ ಬದುವಿನಾಚೆ ಎಸೆದು ಕಳೆ ಕೀಳುವುದನ್ನು ಮುಂದುವರಿಸಿದ ಹೆಂಗಸು. ಅವರಿಗೆ ದೇವರ ಹೊರತು ಯಾರ ಭಯವೂ ಇರಲಿಲ್ಲ. ನಾನು ಮಾತ್ರ ಅಂದಿನಿಂದ ನೆಲ ನೋಡಿಕೊಂಡು ನಡೆಯಲು ಶುರುಮಾಡಿದೆ. ಕಾಣದೆ ಹರಿದು ಬರುವುದನ್ನು ನೋಡಿ ಏನು ಮಾಡುತ್ತೀ ಎಂದು ನನಗೆ ನಾನೇ ಕೇಳಿಕೊಂಡರೂ ಕಣ್ಣು ಕೆಳಗೇ ಹೋಗುತ್ತಿತ್ತು.

ನಾವು ಹುಮನಾಬಾದಿಗೆ ಬಂದು ಮಾಣಿಕನಗರದ ದಾರಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಮೊದಲ ಅಮಾವಾಸ್ಯೆ ಬಂತು. ನಮ್ಮ ಕಡೆ ಗಾಡಿ ಇದ್ದವರಿಗೆ ಅಮಾವಾಸ್ಯೆ ಎಂದರೆ ಏನೆಂದು ನಿಮಗೆ ಗೊತ್ತಿರಬಹುದು. ಗಾಡಿ ತೊಳೆದು, ವಿಭೂತಿ ಬಳಿದು, ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಮುಂದೆ ಕರ್ಪೂರ ಹಚ್ಚಿ ಕಾಯಿ ಒಡೆಯಬೇಕು. ಕ್ಯಾಬಿನ್ನಿನಲ್ಲಿ ಊದಿನಕಡ್ಡಿ ಸಿಕ್ಕಿಸಬೇಕು. ಬೇಳೆ ಲಾರಿ ಇದ್ದಾಗ ಒಂದು ಅಮಾವಾಸ್ಯೆಯನ್ನೂ ನಾವು ತಪ್ಪಿಸಿರಲಿಲ್ಲ. ಈಗ ಹೊಸ ಕೆಲಸ, ಹೊಸ ಗಾಡಿ. ಪೂಜೆ ಆಗದೆ ಮಗ ದೂರದ ದಾರಿ ಹಿಡಿಯುವುದು ಅತ್ತೆಗೆ ಸಹಿಸಲಾರದ ಮಾತು.

"ಹೂವ ಹಾಕ್ರಿ, ಕಾಯಿ ಒಡೀರಿ. ಬೆಂಕಿ ಮಾತ್ರ ಬ್ಯಾಡ" ಎಂದು ಇವರು ಮೂರು ಸಲ ಹೇಳಿದರು. ಅತ್ತೆ ಹೂಂ ಅಂದರು. ಆ ದಿನ ಬೆಳಿಗ್ಗೆ ಇವರು ಲೋಡು ತುಂಬಿಸಿಕೊಂಡು ಬಂದು, ನಮ್ಮ ಓಣಿಯ ಎದುರಿನ ಬಯಲಿನಲ್ಲಿ ಟ್ಯಾಂಕರ್ ನಿಲ್ಲಿಸಿ, ರಸ್ತೆಯಾಚೆಯ ಅಂಗಡಿಗೆ ಕಾಯಿ ತರಲು ಹೋದರು. ನಾನು ತಟ್ಟೆಯಲ್ಲಿ ಹೂವು, ಅರಿಶಿನ, ಕುಂಕುಮ ಇಟ್ಟುಕೊಂಡು ಹೋಗಿ ನಿಂತೆ. ಗಾಡಿಯ ಹಿಂದುಗಡೆಯಿಂದ ಮೂಗಿಗೆ ಏನೋ ಬಂತು. ಗೌರಿಯ ಬಾಟಲಿಯಂಥದೇ ಸಿಹಿಯಾದ, ತಲೆಗೇರುವಂಥ ವಾಸನೆ. ಇದೇ ಇರಬೇಕು ಎಂದು ನಾನು ನೆಲದ ಕಡೆ ನೋಡಿದೆ. ನೆಲದಲ್ಲಿ ಏನೂ ಕಾಣಲಿಲ್ಲ. ತಲೆ ಎತ್ತುವಷ್ಟರಲ್ಲಿ ಅತ್ತೆ ಎಲೆಅಡಿಕೆಯ ಸಂಚಿಯಿಂದ ಕರ್ಪೂರ ತೆಗೆದು ತಟ್ಟೆಯಲ್ಲಿಟ್ಟು ಕಡ್ಡಿ ಗೀರಿಬಿಟ್ಟಿದ್ದರು.

ಉರಿ ನನ್ನ ಕೈಯಲ್ಲಿದ್ದ ತಟ್ಟೆಯಲ್ಲೇ ಇತ್ತು. ರಸ್ತೆಯಾಚೆ ನಮ್ಮ ಮನೆಯವರು ತಿರುಗಿ ನೋಡಿದರು. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಗಂಡಸಿನ ಮುಖ ಹಾಗೆ ಬಿಳುಪಾದದ್ದನ್ನು ನಾನು ಮೊದಲು ನೋಡಿರಲಿಲ್ಲ. ಎಸೆದರೆ ಎಲ್ಲಿ ಬೀಳುತ್ತದೋ, ಓಡಿದರೆ ಗಾಳಿಗೆ ಕಿಡಿ ಎತ್ತ ಹಾರುತ್ತದೋ. ಅಷ್ಟೆಲ್ಲ ಯೋಚಿಸಿದೆ ಎಂದು ಈಗ ಹೇಳುತ್ತೇನೆ, ಆಗ ಯೋಚಿಸಿರಲಿಕ್ಕಿಲ್ಲ. ಬಲಗೈ ಅಂಗೈಯನ್ನು ಉರಿಯ ಮೇಲೆ ಒತ್ತಿ ಹಿಡಿದೆ. ಕರ್ಪೂರ ಅಂಗೈಗೆ ಅಂಟಿಕೊಂಡು ಆರಿತು.

ಮೊದಲು ಬಾಯಿಬಿಟ್ಟವರು ಅತ್ತೆ. "ಹೊಂಟ ಗಂಡನ ಮುಂದ ಆರತಿ ಆರಿಸಿದೇನ! ನಿನ್ನ ಕೈಗಿ ಏನ್ ಬಡದಿತ್ತು?"

ಏನೂ ಆಗಲಿಲ್ಲ. ಗಾಡಿ ಹಾಗೇ ನಿಂತಿತ್ತು, ದಾರಿಯಲ್ಲಿ ಆಟೋಗಳು ಹೋಗುತ್ತಿದ್ದವು, ಯಾರೂ ನಮ್ಮನ್ನು ನೋಡಲೂ ಇಲ್ಲ. ಇವರು ಬಂದು ನನ್ನ ಕೈ ಹಿಡಿದು ಬೋರಿನ ನೀರಿನ ಕೆಳಗೆ ಇಟ್ಟರು. ಗಾಡಿಯ ಹಿಂದೆ ಸಣ್ಣಗೆ ಸೋರುತ್ತಿದ್ದ ವಾಲ್ವನ್ನು ಬಿಗಿ ಮಾಡಿ, ಬಹಳ ಹೊತ್ತು ಅದರ ಮುಂದೆಯೇ ಕುಳಿತಿದ್ದು, ಆಮೇಲೆ ಹತ್ತಿ ಹೊರಟರು.

ಅವರು ತಿರುಗಿ ಬರುವವರೆಗಿನ ಭಯವನ್ನು ಹೇಗೆ ಹೇಳಲಿ? ಉರಿ ಇದ್ದಿದ್ದರೆ ಟ್ಯಾಂಕರ್ ಸಿಡಿದು ಹೋಗುತ್ತಿತ್ತು, ಸರಿ. ಆದರೆ ಈಗ ಉರಿ ಆರಿದೆ. ಗಂಡ ಹೊರಟು ನಿಂತಾಗ ಹೆಂಡತಿಯ ಕೈಯಿಂದಲೇ ಆರಿದೆ. ಅತ್ತೆಯ ದೇವರು ಒಂದು ಕಡೆ, ಇವರ ಮೂರು ದಿನದ ಪಾಠ ಇನ್ನೊಂದು ಕಡೆ, ನಡುವೆ ಸುಟ್ಟ ಕೈ ಹಿಡಿದುಕೊಂಡು ನಾನು. ಫೋನು ಹಚ್ಚಿದರೆ ಬಂದ್ ಇತ್ತು. ಗಾಡಿ ನಡೆಸುವಾಗ ಬಂದ್ ಇಡುತ್ತಾರೆಂದು ಗೊತ್ತಿದ್ದೂ, ಸ್ವಿಚ್ ಆಫ್ ಆಗಿದೆ ಎನ್ನುವ ಆ ಹೆಣ್ಣುಮಗಳ ಧ್ವನಿ ಬಂದಾಗಲೆಲ್ಲ ಮತ್ತೆ ಹಚ್ಚುತ್ತಿದ್ದೆ. ಹೆದ್ದಾರಿಯಲ್ಲಿ ಯಾವುದಾದರೂ ಟೈರು ಒಡೆದ ಸದ್ದು ಕೇಳಿದರೆ ನಾನು ಹೊಸ್ತಿಲಲ್ಲಿರುತ್ತಿದ್ದೆ. ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ಬಡಿಸಿದ ಅನ್ನ ಉಣ್ಣಲಿಲ್ಲ. ಗೌರಿ ಬಡಿಸಿದರೆ ಉಂಡರು, ಪುಟ್ಟ ಕೂಸು ಸಾರನ್ನು ಅರ್ಧ ನೆಲಕ್ಕೆ ಹಾಕುತ್ತಿತ್ತು.

ಇವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೆ ನಾನೂ ಅತ್ತೆಯೂ ಒಟ್ಟಿಗೆ ಎದ್ದು ನಿಂತೆವು. ಆಮೇಲೆ ಎಷ್ಟೋ ಸಲ ಹೋದರು, ಎಷ್ಟೋ ಸಲ ಬಂದರು. ಆ ಸಂಬಳದಿಂದಲೇ ಈ ಮನೆ ಆಯಿತು, ಗೌರಿಯ ಓದು ಆಯಿತು. ನನ್ನ ಭಯವೂ ಅದೇ ಅನ್ನ ಉಂಡು ದುಂಡಗಾಯಿತು. ಅತ್ತೆ ಮಾತ್ರ ಅಮಾವಾಸ್ಯೆಗೆ ಗಾಡಿಯ ಕಡೆ ಮತ್ತೆ ಹೋಗಲಿಲ್ಲ. ಮನೆಯಲ್ಲೇ ದೇವರ ಮುಂದೆ ಕುಳಿತುಬಿಡುತ್ತಿದ್ದರು. ಅದು ನನ್ನ ಮೇಲಿನ ಸಿಟ್ಟೋ ಮತ್ತೇನೋ, ಕೇಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

ಮೊನ್ನೆ ಇವರು ಬುತ್ತಿ ಮರೆತು ಹೋದರೆಂದು ಗಾಡಿ ನಿಲ್ಲಿಸುವ ಜಾಗಕ್ಕೆ ನಾನೇ ಆಟೋದಲ್ಲಿ ಹೋದೆ. ದೂರದಿಂದಲೇ ಕಂಡರು. ತುಂಬಿದ ಟ್ಯಾಂಕರಿನ ಹಿಂದೆ, ಅದೇ ವಾಲ್ವಿಗೆ ಬೆನ್ನು ಆನಿಸಿ, ಕಿವಿಗೆ ಮೊಬೈಲ್ ಹಚ್ಚಿಕೊಂಡು ನಗುತ್ತಿದ್ದರು. ಗಾಳಿ ನನ್ನ ಕಡೆಗೇ ಇತ್ತು, ವಾಸನೆ ಬರುತ್ತಿತ್ತು. ಬುತ್ತಿಯನ್ನು ಗೇಟಿನಲ್ಲೇ ಕೊಟ್ಟು ಬಂದುಬಿಟ್ಟೆ. ಎರಡು ದಿನ ಬಾಯಿಗೆ ಬಂದದ್ದನ್ನು ನುಂಗಿದೆ.

ಇವತ್ತು ನಾನು ಬಾಟಲಿ ಕಸಿದುಕೊಂಡು ಓಡಿದ್ದನ್ನು ಇವರು ಸ್ನಾನ ಮುಗಿಸಿ ಬರುತ್ತಾ ನೋಡಿದರು. ತಲೆ ಒರೆಸಿಕೊಳ್ಳುತ್ತಾ ನಕ್ಕರು.

"ನೋಡು ಗೌರಿ, ಹೊಸದಾಗಿ ನನಗೂ ಹಿಂಗೇ ಅಂಜಿಕಿ ಇತ್ತು. ಈಗೇನೂ ಇಲ್ಲ. ರೂಢಿ ಆಗ್ಯಾದ."

ಇಷ್ಟು ವರ್ಷಗಳಲ್ಲಿ ಇವರ ಬಾಯಿಂದ ನಾನು ಕೇಳಿದ ಮಾತುಗಳಲ್ಲಿ ಇದರಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಗೂಟಕ್ಕೆ ಹಾಕಿದ್ದ ಅವರ ಅಂಗಿಯ ಕಿಸೆಯಿಂದ ಟ್ಯಾಂಕರಿನ ಚಾವಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ.

"ಏನ್ ಮಾಡಾಕತ್ತಿ? ಲೋಡ್ ನಿಂತದ, ಮಾಲಕ ಕಾಯಾಕತ್ತಾನ."

"ಕಾಯ್ಲಿ. ನಾ ಕೊಡಂಗಿಲ್ರಿ. ಮೊನ್ನಿ ವಾಲ್ವ್ ಹತ್ತಿರ ನಿಂತು ಯಾರ ಜೋಡಿ ನಗಾಕತ್ತಿದ್ರಿ? ನಾ ನೋಡೀನಿ. ವಾಸನಿ ಗೇಟಿನ ತನಕ ಬರಾಕತ್ತಿತ್ತು."

ಮದುವೆಯಾದಾಗಿನಿಂದ ಇವರ ಮುಂದೆ ನಾನು ಇಲ್ಲ ಅಂದದ್ದು ಇದೇ ಮೊದಲು. ಕೆಲಸ ಹೋದರೆ ಗತಿ ಏನು ಎಂಬುದೂ ಅದೇ ಗಳಿಗೆಯಲ್ಲಿ ಮನಸ್ಸಿಗೆ ಬಂತು. ಇವರ ಮುಖ ಕೆಂಪಾಯಿತು. "ಅವ್ವಾ, ನೀನರೆ ಹೇಳು ಇಕಿಗಿ" ಎಂದು ಒಳಗೆ ಮುಖ ಮಾಡಿದರು.

ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಈಗ ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ನನ್ನ ಹತ್ತಿರ ಬಂದು, ನನ್ನ ಬಲಗೈಯನ್ನು ತಡವಿ ಹಿಡಿದುಕೊಂಡು, ಅಂಗೈ ಮೇಲೆ ಹೆಬ್ಬೆರಳು ಆಡಿಸಿದರು.

"ಚಾವಿ ಕೊಡಬ್ಯಾಡವಾ" ಅಂದರು. "ಆವತ್ತು ನಾ ಹಚ್ಚಿದ್ದು ನೀ ಆರಿಸಿದಿ, ಅದಕ್ಕೇ ಇಂವ ಮನಿಗಿ ಬಂದ. ಆ ದಿನದಿಂದ ನನಗ ಗಾಡಿ ಹತ್ರ ಹೋಗ್ಲಾಕ ಅಂಜಿಕಿ. ಹೇಳ್ಲಾಕ ನಾಚಿಕಿ."

ಇವರು ಕಟ್ಟೆಯ ಮೇಲೆ ಕುಳಿತರು. ಫೋನು ಒಂದು ಸಲ ಬಡಿದುಕೊಂಡು ನಿಂತಿತು, ಮತ್ತೆ ಬಡಿದುಕೊಂಡಿತು, ಅದನ್ನು ತೆಗೆಯಲಿಲ್ಲ. ಗೌರಿ ನೀರು ತಂದುಕೊಟ್ಟಳು.

"ಆವತ್ತಿಂದು ಮರತೇ ಬಿಟ್ಟಿದ್ದೆ" ಅಂದರು, ಬಹಳ ಸಣ್ಣ ಧ್ವನಿಯಲ್ಲಿ. "ಮೊನ್ನಿ ವಾಸನಿ ಗೇಟಿನ ತನಕ ಬಂದಿತ್ತಂದ್ರ ವಾಲ್ವ್ ಸೋರಾಕತ್ತಿತ್ತು. ನಾ ಅದರ ಮ್ಯಾಲೇ ಬೆನ್ನ ಹಚ್ಚಿ ನಿಂತಿದ್ದೆ."

ನೀರಿನ ಲೋಟ ಅವರ ಕೈಯಲ್ಲಿ ನಡುಗಿ ತುಟಿಗೆ ಸೇರುವ ಮೊದಲೇ ಎದೆಯ ಮೇಲೆ ಚೆಲ್ಲಿತು. ಬೇರೆ ಏನೂ ಗೊತ್ತಿಲ್ಲದಿದ್ದರೂ ಹೆದರಿದ ಮನುಷ್ಯನ ಗುರುತು ನನಗೆ ಚೆನ್ನಾಗಿ ಗೊತ್ತು. ಲೋಟ ಖಾಲಿಯಾಗಿ ಕೈ ತುಸು ಸ್ತಿಮಿತಕ್ಕೆ ಬರುವವರೆಗೆ ಎದುರಿಗೇ ನಿಂತಿದ್ದೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟೆ.