ಶಾಲುಬಾಯಿ ಉಳಿಸಿದ ಅಳತೆಗಳು

2016ರ ಬೇಸಿಗೆಯಲ್ಲಿ ಭಾಲ್ಕಿ ತಾಲ್ಲೂಕಿನ ಸಾಯಗಾಂವದ ಬಾವಿಗಳು ತಳ ಕಂಡಿದ್ದವು. ಅರ್ಧ ಊರು ಮನೆಗೆ ಬೀಗ ಹಾಕಿ ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿತ್ತು. ಶಾಲುಬಾಯಿಯ ಹೊಲಿಗೆ ಕೇಂದ್ರದ ಇಪ್ಪತ್ತೆರಡು ಹೆಂಗಸರು ಹೊರಡದೆ ಊರಲ್ಲೇ ಉಳಿದಿದ್ದರು. ಬೀದರ, ಭಾಲ್ಕಿ, ಔರಾದಿನ ಆರು ಶಾಲೆಗಳ ಅಂಗಿ ಹೊಲಿಯುವ ಕೆಲಸ ಅವರಿಗೆ ಸಿಕ್ಕಿತ್ತು. ಶಾಲೆ ಶುರುವಾಗುವ ದಿನಕ್ಕೆ ಅಂಗಿ ಮುಟ್ಟಬೇಕು. ತಪ್ಪಿದರೆ ಅವರೂ ಗಂಟು ಕಟ್ಟಿ ಹೊರಡುವುದೇ.

ಶಾಲುಬಾಯಿ ಓದಿದ್ದು ಏಳನೆಯ ತರಗತಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಕಲಿತಳು. ಮೂವತ್ತೆಂಟರ ಪ್ರಾಯದಲ್ಲಿ ಭಾಲ್ಕಿಯ ಖಾಜಾ ಮಿಯಾನ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಕಾಲೇಜು ಹುಡುಗಿಯರ ನಡುವೆ ತಲೆ ತಗ್ಗಿಸಿ ಕೂತು ಒಂದೊಂದೇ ಅಕ್ಷರ ಒತ್ತುವುದನ್ನು ಕಲಿತಳು. ಮಾರ್ಚಿನಲ್ಲಿ ಶಾಲೆ ಶಾಲೆ ಸುತ್ತಿ ಸಾವಿರದ ನೂರಾ ನಲವತ್ತು ಮಕ್ಕಳ ಎದೆ, ತೋಳು, ಉದ್ದ ಅಳೆದು ನೇರ ಲ್ಯಾಪ್‌ಟಾಪಿಗೆ ತುಂಬಿದ್ದಳು. ಖಾಜಾ ಮಿಯಾ ಬರೆದುಕೊಟ್ಟ ಪ್ರೋಗ್ರಾಂ ಪ್ರತಿ ಮಗುವಿನ ಹೆಸರಿಗೊಂದು ಕಟಿಂಗ್ ಚೀಟಿ ತೆಗೆದುಕೊಡುತ್ತಿತ್ತು.

"ಬರೇ ಫೈಲ್ ಕಾಪಿ ಮಾಡಿದ್ರ ಸಾಲಂಗಿಲ್ರಿ ಬಾಯಿ," ಎಂದು ಅವನು ಹೇಳಿಕೊಟ್ಟಿದ್ದ. "ಪೂರಾ ಕಂಪ್ಯೂಟರಿಂದೇ ಬ್ಯಾಕಪ್ ತಗೀರಿ. ಪ್ರೋಗ್ರಾಂ ಸುದ್ದಾ ಬರಬೇಕು."

ಪ್ರತಿ ಶನಿವಾರ ಅವಳು ಅದನ್ನು ತಪ್ಪಿಸಲಿಲ್ಲ. ಬೇರೊಂದು ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಇಳಿಯುವವರೆಗೆ ಚೀಟಿ ಬರುತ್ತಿರಲಿಲ್ಲ. ಕೇಂದ್ರದಲ್ಲಿ ಬಟ್ಟೆ ಕತ್ತರಿಸುವ ಕೇಶರಬಾಯಿ ಕತ್ತರಿ ಹಿಡಿದು ಕೂತು ಗೊಣಗುತ್ತಿದ್ದಳು.

ಏಪ್ರಿಲ್ ಮಧ್ಯದ ಒಂದು ಮಂಗಳವಾರ ಮೈದುನ ಪಂಢರಿ ಬಂದ. ಲ್ಯಾಪ್‌ಟಾಪಿನಲ್ಲಿ ಆಗಲೇ ಒಂದು ಆ್ಯಂಟಿವೈರಸ್ ಇತ್ತು. ಅದರ ಮೇಲೆ ಅವನು ಇನ್ನೊಂದನ್ನು ಹಾಕಿದ.

"ಎರಡಿದ್ರ ಡಬಲ್ ಕಾವಲು ವೈನಿ," ಎಂದ.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಆಮೆಯಾಯಿತು. ಬಿಸಿಯಾಗಿ ಬುಸುಗುಟ್ಟಿತು. ಅಳತೆಯ ಪ್ರೋಗ್ರಾಮೇ ವೈರಸ್ ಎಂದು ಹೊಸ ಆ್ಯಂಟಿವೈರಸ್ ಅದನ್ನು ಅಳಿಸಿಹಾಕಿತು. ಆರಿಸಿ ಮತ್ತೆ ಹಚ್ಚಿದರೆ ಬರೀ ನೀಲಿ ಪರದೆ.

ಮಷಿನ್‌ಗಳ ಸದ್ದು ಒಂದೊಂದಾಗಿ ನಿಂತಿತು. ಮತ್ತೆ ಅಳೆಯೋಣವೆಂದರೆ ಮಕ್ಕಳೇ ಇಲ್ಲ. ರಜೆ ಬಿದ್ದಿತ್ತು, ಔರಾದ ಕಡೆಯ ಮಕ್ಕಳು ತಂದೆತಾಯಿಯ ಬೆನ್ನಿಗೆ ಹೈದರಾಬಾದ್, ಪುಣೆ ಸೇರಿದ್ದರು. ಪಂಢರಿ ಮುಖ ಎತ್ತಲಿಲ್ಲ. ಶಾಲುಬಾಯಿ ಖಾಜಾ ಮಿಯಾನಿಗೆ ಫೋನ್ ಹಚ್ಚಿದಳು.

"ಒಂದ ಒರಿಯಾಗ ಎರಡ ಕತ್ತಿ ಇಟ್ರ ಹ್ಯಾಂಗ್ರಿ? ಒಂದಕ್ಕೊಂದು ಕಳ್ಳ ಅಂತ ತಿಳ್ಕೊಂಡು ಬಡದಾಡ್ತಾವ," ಎಂದ ಅವನು. "ಶನಿವಾರದ ಬ್ಯಾಕಪ್ ಅದನ್ರಿ?"

"ಅದರಿ."

"ಕೆಟ್ಟ ಕಂಪ್ಯೂಟರ್ ಎಬ್ಬಸಾಕ ನಾ ಮಾಡಿಕೊಟ್ಟ ಪೆನ್‌ಡ್ರೈವ್?"

"ಅದೂ ಅದರಿ."

"ಹಂಗಾರ ನಾ ಯಾಕ ಬರಬೇಕು? ನೀವೇ ಮಾಡ್ತೀರಿ."

ಅವಳು ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪ್ ಹಚ್ಚಿದಳು, ಹಾರ್ಡ್‌ಡಿಸ್ಕ್ ಜೋಡಿಸಿದಳು, ಫೋನಿನಲ್ಲಿ ಕೇಳುತ್ತ ಒಂದೊಂದೇ ಗುಂಡಿ ಒತ್ತಿದಳು. ಹಸಿರು ಪಟ್ಟಿ ಇರುವೆಯಂತೆ ತೆವಳಿತು. ಒಂದು ತಾಸು. ಎರಡು ತಾಸು. ಯಾರೂ ಎದ್ದು ಮನೆಗೆ ಹೋಗಲಿಲ್ಲ.

ಶನಿವಾರ ಇದ್ದ ಹಾಗೆಯೇ ಯಂತ್ರ ಎದ್ದು ಕೂತಿತು. ಆ್ಯಂಟಿವೈರಸ್ ಒಂದೇ. ಪ್ರೋಗ್ರಾಂ ತೆರೆಯಿತು, ಸಾವಿರದ ನೂರಾ ನಲವತ್ತು ಹೆಸರು ಸಾಲಾಗಿ ನಿಂತವು. ಪ್ರಿಂಟರ್ ಕರಕರ ಎಂದು ಮೊದಲ ಚೀಟಿ ಹೊರಹಾಕಿದಾಗ ಕೇಶರಬಾಯಿ ಅದನ್ನು ಕಣ್ಣಿಗೊತ್ತಿಕೊಂಡು ಕತ್ತರಿ ಎತ್ತಿದಳು.

ಹೋದದ್ದು ಸೋಮವಾರ, ಮಂಗಳವಾರದ ಗುರುತುಗಳು ಮಾತ್ರ, ಯಾರ ಅಂಗಿ ಕತ್ತರಿಸಿ ಆಗಿದೆ ಎಂಬುದು. ಕತ್ತರಿಸಿದ ಬಟ್ಟೆಗೆ ಹಳೆಯ ಚೀಟಿಗಳು ಇನ್ನೂ ಅಂಟಿದ್ದವು. ಅವನ್ನು ಪಂಢರಿ ಓದಿದ, ಶಾಲುಬಾಯಿ ಗುರುತು ಹಾಕಿದಳು. ಅವನನ್ನು ಅವಳು ಬಯ್ಯಲಿಲ್ಲ.

"ಇನ್ನ ಮುಂದ ಕೇಳಿ ಹಚ್ಚು," ಎಂದಳು ಅಷ್ಟೇ.

ಮೇ ಮುಗಿಯಲು ನಾಲ್ಕು ದಿನ ಇರುವಾಗಲೇ ಕಡೆಯ ಗುಂಡಿ ಹಚ್ಚಿಯಾಯಿತು. ಜೂನ್ ಮೊದಲ ದಿನ ಔರಾದಿನ ಶಾಲೆಯಲ್ಲಿ ಹೆಲೆನ ಟೀಚರ್ ಹೆಸರು ಕೂಗಿದರು. ಹಿಂದಿನ ದಿನವಷ್ಟೇ ಊರಿಗೆ ಮರಳಿದ ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಅಂಗಿ ತೊಟ್ಟುಕೊಂಡರು.

"ಎಲ್ಲಾರಿಗೂ ಬರೋಬ್ಬರಿ ಕೂತಾವಲ್ರಿ ಶಾಲುಬಾಯಿ. ಯಾರ ಅಳತಿ ಇದು?" ಎಂದರು ಹೆಲೆನ.

"ನಂದೇ ರೀ," ಎಂದಳು ಶಾಲುಬಾಯಿ, ಮೊದಲ ಸಲ ತಲೆ ತಗ್ಗಿಸದೆ.