ನೀರು ಬರುವ ದಿನ ತೋರಿಸಿದ ಮನೆಗಳು

೧೯೮೯ರಲ್ಲಿ ಏಳನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ನಾನು ವೆಲ್ಡಿಂಗ್ ಕೆಲಸಕ್ಕೆ ಸೇರಿದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಇವತ್ತು ಹಳೇ ಹುಬ್ಬಳ್ಳಿಯಲ್ಲಿ ನನ್ನದೇ ಶೆಡ್ ಇದೆ. ಈ ಊರಿನ ಎಷ್ಟೋ ಮನೆಗಳ ಗೇಟು, ಕಿಟಕಿಯ ಗ್ರಿಲ್ಲು ನನ್ನ ಕೈಯವು. ಆದರೆ ನನಗೆ ಸ್ವಂತ ಮನೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕರು, ಮಗನ ಮದುವೆ ಗೊತ್ತಾಗಿದೆ, ಯುಗಾದಿಯೊಳಗೆ ಬಿಟ್ಟುಕೊಡಿ ಎಂದರು. ಇನ್ನೊಂದು ಬಾಡಿಗೆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಹೋದರೆ ಸ್ವಂತದ್ದಕ್ಕೇ ಎಂದು ನಾನೂ ಹೆಂಡತಿಯೂ ನಿಶ್ಚಯಿಸಿದೆವು. ಕೈಯಲ್ಲಿ ಐದು ತಿಂಗಳಿತ್ತು.

ಮನೆ ಹುಡುಕುವುದಕ್ಕಿಂತ ಏಜೆಂಟನನ್ನು ಹುಡುಕುವುದೇ ದೊಡ್ಡ ಕೆಲಸವೆಂದು ಆಮೇಲೆ ತಿಳಿಯಿತು. ಮನೆ ಬೇಕೆಂದು ಬಾಯಿ ಬಿಟ್ಟದ್ದೇ ತಡ, ನಮ್ಮ ಓಣಿಯಲ್ಲಿ ಏಜೆಂಟ್ ಅಲ್ಲದವರೇ ಉಳಿಯಲಿಲ್ಲ. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದು ಮೊಬೈಲಿನಲ್ಲಿ ಮನೆಗಳ ಫೋಟೋ ತೋರಿಸತೊಡಗಿದ. ಕೊನೆಗೆ ಗಿರಾಕಿಯೊಬ್ಬರು ಕಳಿಸಿದ ತರುಣನನ್ನು ಒಪ್ಪಿಕೊಂಡೆ. ಬಿಳಿ ಅಂಗಿ, ಬೆಲ್ಲದಂಥ ಮಾತು.

"ಕಾಕಾ, ಕಾಗದಾ ಪತ್ರಾ ಎಲ್ಲಾ ನನಗ ಬಿಡ್ರಿ," ಎಂದ ಮೊದಲ ದಿನವೇ. "ಅದನ್ನ ಓದಿ ನೀವ್ಯಾಕ ತಲಿ ಕೆಡಿಸ್ಕೋತೀರಿ?"

ನನಗೆ ಓದಲು ಬರುವುದಿಲ್ಲ ಎಂದು ಅವನಿಗೆ ಹೇಳಿದವರಾರು? ಸಿಟ್ಟು ಬಂತು, ನುಂಗಿಕೊಂಡೆ.

ಎರಡು ಮೂರು ವಾರಗಳಲ್ಲಿ ಅವನು ಮೂರು ಮನೆ ತೋರಿಸಿದ. ಯಾವ ಮನೆಗೆ ಹೋದರೂ ಸೀದಾ ಹಿತ್ತಲಿಗೆ ಕರೆದೊಯ್ದು ನಲ್ಲಿ ತಿರುಗಿಸುತ್ತಿದ್ದ. ನೀರು ಧೋ ಎಂದು ಬೀಳುತ್ತಿತ್ತು. ಮೂರನೆಯ ಮನೆಯಲ್ಲಿ ಹೆಂಡತಿ ಕೈಯೊಡ್ಡಿ ನೋಡಿ, "ಫೋರ್ಸ್ ಛಲೋ ಐತಿ," ಎಂದಳು. ನಾನೂ ತಲೆಯಾಡಿಸಿದೆ. ಗೋಡೆ ನೋಡಲಿಲ್ಲ, ಛಾವಣಿ ನೋಡಲಿಲ್ಲ. ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನೀರಿಗೆ ಡ್ರಮ್ಮು ಹೊಂದಿಸುತ್ತಲೇ ವಯಸ್ಸಾದ ನಮಗೆ, ಹರಿಯುವ ನಲ್ಲಿ ಕಂಡರೆ ಬುದ್ಧಿ ಕೈಕೊಡುತ್ತದೆ. ಮರುದಿನವೇ ಮುಂಗಡ ಕೊಟ್ಟು ಮಾತು ಗಟ್ಟಿ ಮಾಡುವುದೆಂದಾಯಿತು.

ಹೊರಗೆ ಬಂದರೆ ಪಕ್ಕದ ಮನೆಯ ಹೆಣ್ಣುಮಗಳು ಕೊಡ, ಬಕೆಟ್ಟಿನಿಂದ ಹಿಡಿದು ಸಾರಿನ ಪಾತೇಲಿಯವರೆಗೆ ಸಾಲಾಗಿಟ್ಟು ನೀರು ತುಂಬುತ್ತಿದ್ದರು.

"ಅಕ್ಕಾರ, ಇಲ್ಲಿ ದಿನಾ ನೀರು ಬರ್ತೈತೇನ್ರಿ?" ಎಂದು ಹೆಂಡತಿ ಕೇಳಿದಳು.

ಆಕೆ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನು ನೋಡಿದರು. "ಒಂಬತ್ತ ದಿನಕ್ಕ ಇವತ್ತ ಬಂದೈತ್ರಿ. ನೀವು ಹುಬ್ಬಳ್ಳ್ಯಾವ್ರ ಹೌದಲ್ರಿ? ಆ ಮನ್ಯಾಗ ಸಂಪ್ ಸೈತ ಇಲ್ಲ. ಮೊದಲಿದ್ದವ್ರು ನಮ್ಮ ಕಡೇನ ಕೊಡಾ ಹಿಡಕೊಂಡ ಬರ್ತಿದ್ರು."

ತಿರುಗಿ ಒಳಗೆ ಹೋಗಿ ನೋಡಿದೆ. ನೆಲದಡಿ ನೀರಿನ ತೊಟ್ಟಿ ಇರಲಿಲ್ಲ. ತೋಡಿಸೋಣವೆಂದರೆ ಅಂಗಳವೇ ಇರಲಿಲ್ಲ, ಹಿತ್ತಲೂ ನಲ್ಲಿಯ ಮುಂದೆ ಒಬ್ಬರು ನಿಲ್ಲುವಷ್ಟೇ ಇತ್ತು.

"ನೀರು ಬರೂ ದಿನಾ ನೋಡೇ ನಮ್ಮನ್ನ ಕರಕೊಂಡ ಬರ್ತೀಯೇನಪಾ?" ಎಂದೆ.

ಅವನಿಗೇನೂ ಅನ್ನಿಸಲಿಲ್ಲ. "ಎಲ್ಲಾರೂ ಹಂಗ ಮಾಡ್ತಾರ್ರಿ ಕಾಕಾ. ಹೆಣ್ಣು ತೋರ್ಸೂ ದಿನಾ ಹರಕ ಸೀರಿ ಉಡಸ್ತಾರೇನು?"

"ಉಡಸೂದಿಲ್ಲ," ಎಂದಳು ನನ್ನ ಹೆಂಡತಿ. "ಮಂದಿ ಸೀರಿ ತಂದೂ ಉಡಸೂದಿಲ್ಲ."

ಅವನನ್ನು ಅಲ್ಲಿಗೇ ಬಿಟ್ಟೆ. ಅವನ ಮೇಲಿನದಕ್ಕಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಿತ್ತು. ನಲವತ್ತು ವರ್ಷ ಇದೇ ನೀರು ಕುಡಿದವನು, ಹುಡುಗನ ಕೈಯ ನಲ್ಲಿಗೆ ಮರುಳಾಗಿದ್ದೆ.

ಅಂದಿನಿಂದ ಯಾವ ಏಜೆಂಟ್ ಫೋನ್ ಮಾಡಿದರೂ ಒಂದೇ ಮಾತು ಹೇಳಿದೆ: ನೀರು ಬರದ ದಿನ ಮನೆ ತೋರಿಸಿ. ಒಬ್ಬ ತೋರಿಸಬೇಕಿದ್ದ ಮನೆಯ ಮಾಲೀಕರು ಒಮ್ಮೆಲೇ ಊರಲ್ಲಿ ಇಲ್ಲದವರಾದರು. ಇನ್ನೊಬ್ಬ ಫೋನ್ ಎತ್ತುವುದನ್ನೇ ಬಿಟ್ಟ. ಹೆಂಡತಿಯ ತಂಗಿಯ ಗಂಡನೂ ಈ ಧಂದೆಯಲ್ಲಿದ್ದ. "ಸಂಬಂಧಿಕರ ಮ್ಯಾಲೂ ನಂಬಿಗಿ ಇಲ್ಲಂದ್ರ ಹೆಂಗ?" ಎಂದು ಚಹಾ ಮುಟ್ಟದೆ ಎದ್ದು ಹೋದ. ಮೂರು ತಿಂಗಳು ಕಳೆದವು. ನಾವಿನ್ನೂ ಒಳಗಿರುವಾಗಲೇ ಮಾಲೀಕರು ಹೊರಗೋಡೆಗೆ ಬಣ್ಣ ಹಚ್ಚಿಸತೊಡಗಿದರು. ಪೇಂಟರ್‌ಗೆ ಚಹಾ ನಾವೇ ಕೊಡುತ್ತಿದ್ದೆವು.

ಆಗ ಸಿಕ್ಕವರು ಧಾರವಾಡದ ಒಬ್ಬ ಹಿರಿಯ ಏಜೆಂಟರು. ಮಾತು ಕಡಿಮೆ, ಇದ್ದಷ್ಟೂ ಒರಟು. ನನ್ನ ಶರತ್ತು ಕೇಳಿ, "ಯಾವಾಗರೆ ಬರ್ರಿ," ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಮ್ಮಿನಬಾವಿ ರಸ್ತೆಯ ಕಡೆ ಒಂದು ಸಣ್ಣ ಮನೆ ತೋರಿಸಿದರು.

"ನೀರು ಬಂದು ಇವತ್ತಿಗೆ ಆರನೇ ದಿನಾ. ಸಂಪಿನ ಮುಚ್ಚಳಾ ನೀವ ತಗದ ನೋಡ್ರಿ."

ತೆಗೆದೆ. ಒಳಗೆ ಮೊಣಕಾಲುದ್ದ ನೀರಿತ್ತು. ಆಮೇಲೆ ಅವರು ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಉತಾರದ ಕಾಗದ ನನ್ನ ಕೈಗಿಟ್ಟು, "ಓದ್ರಿ," ಎಂದರು.

"ನೀವ ಹೇಳ್ರೆಲಾ."

"ನಾ ಹೇಳಿದ್ದ ನಂಬಿ ತಗೋತೀರಿ, ನಾಳಿ ನನಗ ಬೈತೀರಿ. ಓದ್ರಿ."

ಸ್ಕೂಟರಿನ ಸೀಟಿನ ಮೇಲೆ ಕಾಗದ ಹರಡಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಬಹಳ ಹೊತ್ತು ಹಿಡಿಯಿತು. ಅವರು ಎಲೆ ಅಡಿಕೆ ಹಾಕಿಕೊಂಡು ರಸ್ತೆ ನೋಡುತ್ತ ನಿಂತರು, ಅವಸರ ಮಾಡಲಿಲ್ಲ. ಮಾಲೀಕರ ಹೆಸರಿನ ಕೆಳಗೆ ಇನ್ನೊಂದು ಹೆಸರಿತ್ತು.

"ಇವರು ಯಾರ್ರಿ?"

"ಮಾಲೀಕನ ತಂಗಿ. ಉಪ್ಪಿನಬೆಟಗೇರ್ಯಾಗ ಇರ್ತಾರ. ಅವರು ಸಹಿ ಮಾಡೂತನಾ ಒಂದ ರೂಪಾಯಿ ಕೊಡಬ್ಯಾಡ್ರಿ. ನೀವು ಕೇಳ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ."

ಈ ವಯಸ್ಸಿನಲ್ಲಿ ನನಗೆ ಪರೀಕ್ಷೆ ಇಟ್ಟದ್ದಕ್ಕೆ ಮೈ ಉರಿಯಿತು. ಆದರೂ ಅಲ್ಲಿಯೇ ನಿಂತು, ಈ ವ್ಯವಹಾರ ನಿಮ್ಮ ಕೈಯಿಂದಲೇ ಆಗಲಿ ಎಂದೆ.

ಆ ತಂಗಿಯ ಸಹಿಗಾಗಿ ನಾನೂ ಆ ಹಿರಿಯರೂ ನಾಲ್ಕು ಸಲ ಉಪ್ಪಿನಬೆಟಗೇರಿಗೆ ಹೋದೆವು. ಒಮ್ಮೆ ಕಡಲೆ ಸುಗ್ಗಿ, ಒಮ್ಮೆ ನೆಂಟರ ಮದುವೆ, ಒಮ್ಮೆ ಸುಮ್ಮನೆ ಮನಸ್ಸಿರಲಿಲ್ಲ. ಮೂರನೆಯ ಸಲ ನಾವು ಹೊರಡುವಾಗ, ಕೊಳ್ಳುವವರ ಹೆಂಡತಿಯನ್ನು ಕರೆತನ್ನಿ, ಮುಖ ನೋಡಬೇಕು ಎಂದರು. ನಾಲ್ಕನೆಯ ಸಲ ಕರೆದೊಯ್ದೆ. ನೋಡಿದರು, ಊಟಕ್ಕೆ ಹಾಕಿದರು, ಸಹಿ ಮಾಡಿದರು. ಯುಗಾದಿ ಕಳೆದು ಒಂಬತ್ತು ದಿನಕ್ಕೆ ನಾವು ಸಾಮಾನು ಹೊತ್ತು ಧಾರವಾಡಕ್ಕೆ ಬಂದೆವು. ಆ ಒಂಬತ್ತು ದಿನ ಹಳೆಯ ಮಾಲೀಕರು ನಮ್ಮೊಂದಿಗೆ ಮಾತಾಡಲಿಲ್ಲ.

ಈಗ ನಮಗಿರುವುದು: ಎರಡು ಕೋಣೆ, ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಹಳೇ ಹುಬ್ಬಳ್ಳಿಯ ಶೆಡ್ಡಿಗೆ ಹೋಗಲು ಎರಡು ಬಸ್ಸು.